ಅಳಿಸುವ ಕೈ

"ತುಳೀಬೇಡಿ, ಗೋಡೆ ಪಕ್ಕದಿಂದ ಹೋಗಿ," ಎನ್ನುತ್ತ ತಾಯಿ, ಕುರ್ಚಿ ಹೊತ್ತು ಬಂದವರನ್ನು ಒತ್ತಟ್ಟಿಗೆ ಸರಿಸಿದಳು. ಹಜಾರದಲ್ಲಿ ಮಗಳನ್ನು ಮಲಗಿಸಲಾಗಿತ್ತು. ಹೆಣದ ಗಾಡಿ ಬರಲು ಇನ್ನೂ ಅರ್ಧ ಗಂಟೆ.

ಹಜಾರದ ಪಕ್ಕದ ಈ ಕೋಣೆಯಲ್ಲೇ ಮಗಳು ಕೆಲಸ ಮಾಡುತ್ತಿದ್ದದ್ದು. ನೆಲದ ತುಂಬ ಬಿಳಿಮಣ್ಣಿನ ಚಿತ್ರ: ಬಳ್ಳಿ, ಮೀನು, ಮತ್ತೆ ಬಳ್ಳಿ. ಬರೆದ ಸಂಜೆಯೇ ಜ್ವರ ಬಂತು, ಮೂರನೆಯ ದಿನಕ್ಕೆ ಅವಳೇ ಹೋದಳು. ಬೆಟ್ಟದಿಂದಿಳಿದು ಬಂದ ಅವರ ಕುಲದಲ್ಲಿ ಚಿತ್ರ ಉಳಿಯಬಾರದು. ಬರೆದವಳೇ ಅಂಗೈಯಿಂದ ಅಳಿಸಬೇಕು, ಅವಳಿಂದಾಗದಿದ್ದರೆ, ಕಲಿಸಿದವಳು. ಕಲಿಸಿದವಳು ತಾಯಿಯೇ.

"ಅಮ್ಮ, ಒಂದು ಮಾತು," ಎಂದ ಗ್ಯಾಲರಿಯವನು. ಮಗಳ ಮೊದಲ ಪ್ರದರ್ಶನ ಮುಂದಿನ ತಿಂಗಳು ಅವನಲ್ಲಿ ನಡೆಯಬೇಕಿತ್ತು. "ಇದನ್ನ ಹಾಗೇ ಬಿಡಿ. ಮೇಲೆ ಗಾಜು ಹಾಕಿಸ್ತೀನಿ. ಅವರ ಕೈಯಿಂದ ಆದದ್ದು ಇದೊಂದೇ ಉಳಿದಿರೋದು."

"ಉಳಿಸ್ಕೋ ಅಕ್ಕ," ತಾಯಿಯ ತಂಗಿ ಮೂಗೊರೆಸಿಕೊಂಡಳು. "ಕುಲದವರು ಕೇಳಿದ್ರೆ ನನ್ನ ಹೆಸರು ಹೇಳು. ನನಗಂತೂ ಬೈಸ್ಕೊಂಡು ಅಭ್ಯಾಸ ಆಗಿದೆ."

ಉಳಿಸಿಕೊಳ್ಳುವ ಆಸೆ ತಾಯಿಗೂ ಇತ್ತು.

*

ಎರಡು ವರ್ಷದ ಹಿಂದೆ ಮಗಳು ಪ್ರೆಸ್ಸಿನ ಕೆಲಸ ಮುಗಿಸಿ ಬಂದವಳೇ ಇದೇ ಕೋಣೆಯ ಸೂರಿಗೆ ಕ್ಯಾಮರಾ ಕಟ್ಟಿದ್ದಳು. ಬರೆದಳು, ಅಳಿಸಿದಳು. ಆಮೇಲೆ ಆ ವಿಡಿಯೊವನ್ನು ಗೋಡೆಯ ಮೇಲೆ ಬಿಟ್ಟಳು. ಅಲ್ಲಿ ಅಂಗೈ ಒರೆಸಿದ ಕಡೆಯೆಲ್ಲ ಮೀನು ಏಳುತ್ತಿತ್ತು.

"ಮಂಕೇ, ಹಿಂದುಮುಂದಾಗಿ ಹಾಕಿದ್ದೀಯಲ್ಲೇ," ಎಂದಿದ್ದಳು ತಾಯಿ.

"ಬೇಕಂತಲೇ ಹಾಕಿದ್ದಮ್ಮ. ಬರೆಯೋದನ್ನ ಯಾರು ಬೇಕಾದ್ರೂ ತೋರಿಸ್ತಾರೆ. ಅಳಿಸೋದೇ ಇಲ್ಲ ಅಂದ್ರೆ ಇದು ನಮ್ಮದು ಹೇಗಾಗುತ್ತೆ?"

"ಆಯ್ತು, ದೊಡ್ಡ ಕಲಾವಿದೆ. ಊಟ ಆರ್ತಿದೆ, ಏಳು."

*

ತಾಯಿ ರವಿಕೆಯ ತೋಳನ್ನು ಮೇಲಕ್ಕೆ ಮಡಚಿ ಮಂಡಿಯೂರಿದಳು.

"ಅಕ್ಕ, ಇನ್ನೊಂದ್ಸಲ ಯೋಚನೆ ಮಾಡು. ಆಮೇಲೆ ಬೇಕು ಅಂದ್ರೂ ಸಿಗಲ್ಲ."

"ಗೊತ್ತು ಕಣೇ. ಅವಳ ಕೆಲಸ ಅರ್ಧಕ್ಕೇ ನಿಂತಿದೆ." ಗ್ಯಾಲರಿಯವನತ್ತ ತಲೆಯೆತ್ತಿ ಕೇಳಿದಳು: "ಸೂರಲ್ಲಿರೋ ಆ ಕ್ಯಾಮರಾ ಆನ್ ಮಾಡೋಕೆ ಬರುತ್ತಾ ನಿಮಗೆ?"

ಅವನು ಸ್ಟೂಲು ಎಳೆದುಕೊಂಡ.

ಮೀನು ಹೋಯಿತು. ಒಂದು ಬಳ್ಳಿ ಹೋಯಿತು. ಕಿಟಕಿಯ ಮೂಲೆಗೆ ಬಂದಾಗ ತಾಯಿಯ ಕೈ ನಿಂತಿತು. ಬಾಗಿ ಬರೆಯುವಾಗ ಮಗಳು ಊರಿದ್ದ ಎಡಗೈಯ ಅಚ್ಚು ಅಲ್ಲಿ ಮೂಡಿತ್ತು, ಐದು ಬೆರಳೂ ಸ್ಪಷ್ಟವಾಗಿ. ಹೊರಗೆ ಗಾಡಿಯ ಬಾಗಿಲು ತೆರೆದ ಸದ್ದಾಯಿತು. ತಾಯಿ ತನ್ನ ಎಡಗೈಯನ್ನು ಅದರ ಮೇಲೆ ಊರಿ, ಬಲಗೈಯಿಂದ ಉಳಿದ ಬಳ್ಳಿಯನ್ನು ಒರೆಸತೊಡಗಿದಳು.