ಎಂಟು ವಾರದ ಬೆಸುಗೆ

ಎಂಟೇ ವಾರದಲ್ಲಿ ವೆಲ್ಡಿಂಗ್ ಕಲಿಸಿ ಕೆಲಸಕ್ಕೆ ಹಚ್ಚುತ್ತೇವೆಂದು ಕಾಲೇಜು ಊರೆಲ್ಲ ಡಂಗುರ ಹೊಡೆದಿತ್ತು. ಇಪ್ಪತ್ತು ಜನಕ್ಕೆ ಕಲಿಸಲು ಮೇಷ್ಟ್ರ ಕೈಗೆ ಕೊಟ್ಟದ್ದು ಹನ್ನೆರಡು ಉಕ್ಕಿನ ಪಟ್ಟಿ. ಇನ್ನಷ್ಟು ಬೇಕೆಂದು ಅವರು ಮೂರು ಸಲ ಬರೆದರು. ಪ್ರಿನ್ಸಿಪಾಲರ ಕೋಣೆಗೆ ಹೊಸ ಪರದೆ ಬಂತೇ ಹೊರತು ಪಟ್ಟಿ ಬರಲಿಲ್ಲ.

ಕೊನೆಗೆ ಮೇಷ್ಟ್ರೇ ಒಂದು ದಾರಿ ಹುಡುಕಿದರು. ಎರಡು ಪಟ್ಟಿ ಬೆಸೆದ ಕೂಡಲೇ ಗ್ರೈಂಡರಿನಲ್ಲಿ ಬೆಸುಗೆ ಕತ್ತರಿಸಿ, ಅಂಚು ಉಜ್ಜಿ, ಹಿಂದೆ ನಿಂತವರಿಗೆ ದಾಟಿಸಬೇಕು. ತಡಮಾಡಿದವರಿಗೆ, "ಏನ್ರೀ, ಪೂಜೆ ಮಾಡ್ತೀರಾ ಅದಕ್ಕೆ? ಕತ್ತರಿಸಿ, ಕೊಡಿ!" ಎಂದು ಗದರುತ್ತಿದ್ದರು.

ಎಲ್ಲರಿಗಿಂತ ಚುರುಕು ಟೈಲರಕ್ಕ. ಹೊಲಿಗೆ ಕಾರ್ಖಾನೆ ಮುಚ್ಚಿದ ಮೇಲೆ ಇಲ್ಲಿಗೆ ಬಂದವಳು. ಅವಳ ಕೂಸನ್ನು ನೋಡಿಕೊಳ್ಳುತ್ತಿದ್ದ ಅತ್ತೆ, ಎಂಟು ವಾರ ಮುಗಿದ ಮರುದಿನವೇ ಮಗಳ ಮನೆಗೆ ಹೊರಡುವುದಾಗಿ ಖಡಾಖಂಡಿತ ಹೇಳಿದ್ದರು. ಕೆಲಸದವರ ಕೂಸುಗಳನ್ನು ನೋಡಿಕೊಳ್ಳುವ ಕೋಣೆ ಇದ್ದದ್ದು ನೀರಿನ ಟ್ಯಾಂಕ್ ಮಾಡುವ ಕಾರ್ಖಾನೆಯಲ್ಲಿ ಮಾತ್ರ. ಆ ಕೆಲಸ ತಪ್ಪಿದರೆ ಅವಳು ಮನೆ ಬಿಟ್ಟು ಕದಲುವಂತಿರಲಿಲ್ಲ.

ಕಾರ್ಖಾನೆಯ ಪರೀಕ್ಷೆಯ ದಿನ ಮೇಷ್ಟ್ರನ್ನು ಗಾಜಿನ ಗೋಡೆಯ ಆಚೆಯೇ ನಿಲ್ಲಿಸಿದರು. ಟೈಲರಕ್ಕ ಬೆಸುಗೆ ಎಳೆದಳು. ಒಂದೇ ಸಮ, ಎಲ್ಲೂ ತೂತಿಲ್ಲ, ಎಲ್ಲೂ ಉಬ್ಬಿಲ್ಲ. ಇಪ್ಪತ್ತು ವರ್ಷದಲ್ಲಿ ಅಂಥದ್ದನ್ನು ಕಂಡಿರದ ಮೇಷ್ಟ್ರು ಹಿಗ್ಗಿಹೋದರು.

ಪರೀಕ್ಷಕ ಇನ್ನೂ ಎರಡು ಮೇಜು ಆಚೆ ಇದ್ದ. ಅವಳು ಗ್ರೈಂಡರ್ ಎತ್ತಿಕೊಂಡಳು.

ಮೇಷ್ಟ್ರು, "ಬೇಡಮ್ಮಾ! ಬಿಡು!" ಎಂದು ಕೂಗಿದರು, ಗಾಜಿಗೆ ದಬದಬ ಬಡಿದರು. ಒಳಗಿನ ಗದ್ದಲದಲ್ಲಿ ಯಾರಿಗೂ ಕೇಳಿಸಲಿಲ್ಲ. ಕಿಡಿ ಹಾರಿತು. ಅವಳು ಬೇರೆಯಾದ ಎರಡು ಪಟ್ಟಿಗಳ ಅಂಚನ್ನು ಉಜ್ಜಿ, ಹಿಂದೆ ಸರದಿಗೆ ನಿಂತವನ ಕಡೆ ಚಾಚಿದಳು. ಅವನು ತೆಗೆದುಕೊಳ್ಳದೆ ಪಿಳಿಪಿಳಿ ನೋಡಿದಾಗಲೇ ಅವಳಿಗೆ ಹೊಳೆದದ್ದು.

ಮೇಷ್ಟ್ರು ಒಳಗೆ ನುಗ್ಗಿದರು. "ನಾನೇ ಕಲಿಸಿದ್ದು ಸ್ವಾಮಿ, ತಪ್ಪು ನಂದು. ಇನ್ನೊಂದ್ಸಲ ಮಾಡ್ಲಿ."

ಪರೀಕ್ಷಕ ಕೆಟ್ಟವನೇನಲ್ಲ. "ಒಬ್ಬರಿಗೆ ಒಂದೇ ಸಲ ಮೇಷ್ಟ್ರೇ. ನಾನೇನ್ ನೋಡ್ಲಿ, ಏನಂತ ಬರೀಲಿ?" ಎಂದು ಮುಂದಿನವನನ್ನು ಕರೆದ.

ಟೈಲರಕ್ಕ ಮೇಷ್ಟ್ರ ಜೊತೆ ಗೇಟಿನ ಹೊರಗೆ ಬಂದಳು. ತಾನೇ ಇವಳ ಕೈಗೆ ಈ ಚಾಳಿ ಹಿಡಿಸಿದೆನೆಂದು ಮೇಷ್ಟ್ರಿಗೆ ತಲೆ ಎತ್ತಲಾಗಲಿಲ್ಲ.

"ನೀವು ನೋಡಿದ್ರಲ್ಲ ಮೇಷ್ಟ್ರೇ," ಎಂದಳು. "ಚೆನ್ನಾಗ್ ಬಂದಿತ್ತಾ?"

ಸುಳ್ಳು ಹೇಳಿದ್ದರೆ ಒಳ್ಳೆಯದಿತ್ತೇನೋ.

"ತುಂಬಾ ಚೆನ್ನಾಗಿತ್ತಮ್ಮಾ."

ಆಗ ಅವಳು ರಸ್ತೆಯ ಪಕ್ಕದಲ್ಲೇ ಕುಕ್ಕರುಬಡಿದು ಅತ್ತಳು.