ಹನ್ನೆರಡನೆಯ ಫೋಟೋ

"ಪೈಲಟ್ ಎಲ್ಲಿ ಹೋದ?"

ಕೂಗಿದ ಮೇಲೆ ಸೋಮನಾಥನಿಗೆ ತನ್ನ ದನಿ ಬೇರೆ ಯಾರದೋ ಅನ್ನಿಸಿತು. ಪೈಲಟ್ ಮೂತ್ರಕ್ಕೆ ಹೋಗಿದ್ದ. ಜಿಲ್ಲಾಧಿಕಾರಿಯೂ ಅವನ ಜೊತೆಗೇ ಹೋಗಿದ್ದ. ಎಂಟನೇ ತರಗತಿಯ ಪೊಲೀಸ್ ಕಮಿಷನರ್ ಜಗಲಿಯ ಮೆಟ್ಟಿಲ ಮೇಲೆ ಕೂತು ನೆಲ್ಲಿಕಾಯಿ ಕಚ್ಚುತ್ತಿದ್ದಳು. ಉಪ್ಪು ಅವಳ ಟೋಪಿಯೊಳಗಿತ್ತು.

ಆರರಿಂದ ಹತ್ತನೇ ತರಗತಿಯ ಮಕ್ಕಳಿಗೆ 'ವೃತ್ತಿ ಅನ್ವೇಷಣಾ ದಿನ' ಮಾಡಬೇಕೆಂದು ಮೇಲಿನಿಂದ ಆದೇಶ ಬಂದಿತ್ತು. ಹನ್ನೆರಡು ವೃತ್ತಿ, ಹನ್ನೆರಡು ಮೇಜು, ಪ್ರತಿ ಮೇಜಿಗೂ ಒಬ್ಬ ತಜ್ಞ, ತಜ್ಞನ ಸುತ್ತ ಆ ವೃತ್ತಿಯ ವೇಷ ಹಾಕಿದ ಮಕ್ಕಳು. ಫೋಟೋಗಳು ಸಂಜೆ ನಾಲ್ಕರೊಳಗೆ ಆ್ಯಪ್‌ಗೆ ಹೋಗಬೇಕು. ಆ ವೃತ್ತಿಗಳ ಪಟ್ಟಿಯನ್ನು ಸೋಮನಾಥ ಮೂರು ಸಲ ಓದಿದ್ದ. ಈ ಮಕ್ಕಳ ಅಪ್ಪ ಅಮ್ಮಂದಿರು ಬೆಳಗಿನಿಂದ ಬೈಗಿನವರೆಗೆ ಮಾಡುವ ಒಂದು ಕೆಲಸವೂ ಅದರಲ್ಲಿರಲಿಲ್ಲ. ಕಳೆ ತೆಗೆಯುವುದು ಇಲ್ಲ, ಗೊಬ್ಬರ ಹೊರುವುದು ಇಲ್ಲ, ಮರ ಹತ್ತುವುದು ಇಲ್ಲ. ಹಾಗಾದರೆ ಅವರು ಇಷ್ಟು ವರ್ಷ ಮಾಡಿದ್ದೇನು? ಬಹುಶಃ ವ್ಯಾಯಾಮ.

ಅತಿಥಿ ಶಿಕ್ಷಕ ಎಂಬುದೂ ಪಟ್ಟಿಯಲ್ಲಿರಲಿಲ್ಲ. ಎರಡು ಎಂ.ಎ. ಮಾಡಿದ ಸೋಮನಾಥ ಹನ್ನೊಂದು ವರ್ಷದಿಂದ ಈ ಶಾಲೆಗೆ ಅತಿಥಿ. ಜೂನ್‌ನಲ್ಲಿ ಕರೆಯುತ್ತಾರೆ, ಮಾರ್ಚ್‌ನಲ್ಲಿ ಕಳಿಸುತ್ತಾರೆ. ಇದು ಫೆಬ್ರವರಿ.

ಮುಖ್ಯೋಪಾಧ್ಯಾಯಿನಿ ವಿಜಯಾ ಮೇಡಂ ಬೆಳಿಗ್ಗೆಯೇ ಹೇಳಿದ್ದರು: "ಹನ್ನೆರಡು ಅಂದ್ರೆ ಹನ್ನೆರಡು, ಸೋಮನಾಥ್. ಹನ್ನೊಂದಾದ್ರೆ ಮುಂದಿನ ವರ್ಷಕ್ಕೆ ನಿಮ್ಮ ಹೆಸರು ಕಳಿಸೋದು ನಂಗೆ ಕಷ್ಟ ಆಗ್ತದೆ. ಬೇಜಾರು ಮಾಡ್ಕೋಬೇಡಿ."

"ಇಲ್ಲ ಮೇಡಂ."

"ಮಾಡ್ಕೊಂಡ್ರಾ?"

"ಇಲ್ಲ."

ತಜ್ಞರನ್ನು ಹುಡುಕಲು ಅವನು ಹದಿನೈದು ದಿನ ಬೈಕ್‌ನಲ್ಲಿ ಕೊಪ್ಪ, ಎನ್.ಆರ್. ಪುರ, ಶೃಂಗೇರಿ ಸುತ್ತಿದ್ದ. ಕೆಲಸ ಇದ್ದವರಿಗೆಲ್ಲ ಆ ದಿನ ಕೆಲಸವಿತ್ತು. ಹಾಗಾಗಿ ಬಿಡುವಿದ್ದವರು ಬಂದರು. ಎನ್.ಆರ್. ಪುರದ ದರ್ಜಿ ಅಬ್ದುಲ್ ರಹಮಾನ್ 'ಫ್ಯಾಷನ್ ಡಿಸೈನರ್' ಎಂಬ ಬೋರ್ಡಿನ ಹಿಂದೆ ಟೇಪು ಕೊರಳಿಗೆ ಹಾಕಿಕೊಂಡು ಕೂತರು.

"ಫ್ಯಾಷನ್ ಡಿಸೈನರ್ ಅಂದ್ರೆ ಎಂತದು ಮೇಷ್ಟ್ರೇ?"

"ನೀವೇ ಸಾಹೇಬ್ರೇ."

"ನೋಡಿ ಮಾರಾಯ್ರೆ, ಮೂವತ್ತು ವರ್ಷ ಯಾರೂ ಹೇಳ್ಲೇ ಇಲ್ಲ."

ಹೀಗೆ ಹನ್ನೊಂದಾಯಿತು. ಉಳಿದದ್ದು ವೈದ್ಯರು. ಊರಿನ ಆಸ್ಪತ್ರೆಯಲ್ಲಿ ಏಳು ತಿಂಗಳಿಂದ ಡಾಕ್ಟರೇ ಇರಲಿಲ್ಲ. ತಾಲ್ಲೂಕಿನಿಂದ ಬರುತ್ತೇನೆಂದಿದ್ದವರು ಫೋನು ಎತ್ತಲಿಲ್ಲ.

ಹತ್ತೂವರೆಗೆ, ಮಗಳು ಅನಿತಾಳ ವಿದ್ಯಾರ್ಥಿವೇತನದ ಅರ್ಜಿಗೆ ಹೆಬ್ಬೆಟ್ಟು ಒತ್ತಲು ಐತ ಬಂದ. ತೋಟದ ಕೂಲಿ. ಅರ್ಧ ದಿನದ ಕೆಲಸ ಬಿಟ್ಟು ಬಂದಿದ್ದ. ಸೋಮನಾಥ ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿದ. ತೆಳ್ಳಗಿದ್ದ. ವಿಜ್ಞಾನದ ಕೊಠಡಿಯ ಒಂದೇ ಬಿಳಿ ಕೋಟು ಅವನಿಗೆ ಸರಿಹೋಗುತ್ತದೆ.

"ಐತಣ್ಣ, ಹತ್ತು ನಿಮಿಷ ಕೂರ್ತೀರಾ?"

"ಎಲ್ಲಿ?"

"ಆ ಕುರ್ಚಿ ಮೇಲೆ."

ಐತ ಕುರ್ಚಿಯನ್ನೂ ಮೇಡಂ ಕೋಣೆಯ ಬಾಗಿಲನ್ನೂ ನೋಡಿದ. "ಕೂತ್ರೆ ಬೈಯೋದಿಲ್ಲಲ?"

ಸೋಮನಾಥ ಕೋಟಿನ ತೋಳು ಹಿಡಿದು ನಿಂತ. ಉತ್ತರ ಕೊಟ್ಟರೆ ಮಾತು ಎಲ್ಲಿಗೋ ಹೋಗುತ್ತಿತ್ತು. ಅವನಿಗೆ ಬೇಕಾಗಿದ್ದದ್ದು ಫೋಟೋ. ಕೊರಳಿಗೆ ಪ್ಲಾಸ್ಟಿಕ್ ಸ್ಟೆತಾಸ್ಕೋಪು ಬಿತ್ತು. ಕೂತ ಕೂಡಲೇ ಐತ ಕಾಲ ಮೇಲೆ ಕಾಲು ಹಾಕಿದ. ಅದನ್ನು ಯಾರೂ ಹೇಳಿಕೊಟ್ಟಿರಲಿಲ್ಲ.

ಶಾಲೆಯ ಗೇಟಿನೆದುರು ಬಸ್ಸಿಗೆ ಕಾಯುತ್ತಿದ್ದವರಿಗೆ ಬಿಳಿ ಕೋಟು ಕಂಡಿತು. ಕಡಹಿನಬೈಲಿನ ಬಸ್ಸು ಬಂತು, ಹೋಯಿತು. ಯಾರೂ ಹತ್ತಲಿಲ್ಲ. ಮಕ್ಕಳನ್ನು ಸೇರಿಸಿ ಫೋಟೋ ತೆಗೆಯಬೇಕೆನ್ನುವಷ್ಟರಲ್ಲಿ ಐತನ ಮೇಜಿನ ಮುಂದೆ ಹದಿನಾಲ್ಕು ಜನ ಸಾಲುಗಟ್ಟಿದ್ದರು. ಮೊದಲು ನಿಂತವಳು ಐತನ ಜೊತೆ ಎಸ್ಟೇಟಿನಲ್ಲಿ ಕೂಲಿ ಮಾಡುವ ಕಮಲಕ್ಕ.

"ನೀನು ಐತ ಅಲ್ವನ?"

"ಹೌದು."

"ಯಾವಾಗ ಡಾಕ್ಟ್ರಾದೆ?"

"ಹತ್ತೂವರೆಗೆ."

"ಆಗು. ಬ್ಯಾಡ ಅಂದೋರ್ಯಾರು? ಮೊದ್ಲು ಮಂಡಿ ನೋಡು."

ಐತ ನೋಡಿದ. ಸೋಮನಾಥನಿಗೆ ಆಶ್ಚರ್ಯವಾದದ್ದು ಅದೇ: ಅವನು ನಿಜಕ್ಕೂ ನೋಡಿದ. ಒತ್ತಿದ, ಮಡಿಸಿದ, ಎಷ್ಟು ದಿನದಿಂದ ಎಂದು ಕೇಳಿದ.

"ನಾಲ್ಕು ದಿನ ಕೆಲ್ಸಕ್ಕೆ ಹೋಗ್ಬೇಡ."

"ಭಾಳ ಹೇಳ್ತಿಯ! ಮೊನ್ನೆ ಜ್ವರ ಇಟ್ಕೊಂಡು ನೀನೇ ಬಂದಿದ್ಯಲ."

"ಆಗ ನಾನು ಡಾಕ್ಟ್ರಾಗಿರ್ಲಿಲ್ಲ."

ಸಾಲು ಗೊಳ್ಳೆಂದು ನಕ್ಕಿತು. ಅಬ್ದುಲ್ ರಹಮಾನ್ ಟೇಪು ಬಿಟ್ಟು ಬಂದು ತಾವೂ ಸಾಲಿನ ಕೊನೆಗೆ ನಿಂತರು. ಕಮಲಕ್ಕ ಮಾತ್ರ ರೋಗಿಯ ಸ್ಟೂಲು ಬಿಟ್ಟು ಏಳಲಿಲ್ಲ.

"ಚೀಟಿ ಕೊಡು. ಬರೀ ಬಾಯಲ್ಲಿ ಹೇಳಿದ್ರೆ ಎಸ್ಟೇಟಿನ ಮೇಸ್ತ್ರಿ ನಂಬೋದಿಲ್ಲ."

ಐತ ಸೋಮನಾಥನನ್ನು ನೋಡಿದ. "ನಂಗೆ ಬರಿಯಕ್ಕೆ ಬರೋದಿಲ್ಲ. ಮೇಷ್ಟ್ರು ಬರ್ಕೊಡ್ತಾರೆ."

ಸಾಲಿನ ಮುಖಗಳೆಲ್ಲ ಸೋಮನಾಥನತ್ತ ತಿರುಗಿದವು. ಜೇಬಿನಲ್ಲಿ ಪೆನ್ನಿತ್ತು. 'ಈಕೆಗೆ ಮಂಡಿನೋವು, ನಾಲ್ಕು ದಿನ ವಿಶ್ರಾಂತಿ ಬೇಕು.' ಒಂದು ಸಾಲು. ಅದರಲ್ಲಿ ಸುಳ್ಳಿರಲಿಲ್ಲ. ತಿಂಗಳಿಗೊಮ್ಮೆ ಸೇರುವ ಓದುಬಳಗದಲ್ಲಿ ಮಾತಾಡುವಾಗ ಅವನು ಕೂಲಿಯವರ ಪರ ಇಂಥ ಸಾಲಿಗಾಗಿ ಬೀದಿಗಿಳಿಯಬೇಕು ಎನ್ನುತ್ತಿದ್ದ. ಈಗ ಬೀದಿಯೇ ಜಗಲಿಗೆ ಬಂದಿತ್ತು.

"ನನ್ನ ಸಹಿ ನಡೆಯೋದಿಲ್ಲ ಕಮಲಕ್ಕ."

"ಯಾಕೆ?"

"ನಾನು ಇಲ್ಲಿ ಅತಿಥಿ."

"ಅಯ್ಯ, ಹನ್ನೊಂದು ವರ್ಷ ಆತಲ! ನಾನು ಎಸ್ಟೇಟಿಗೆ ಸೇರಿದ್ದು ನೀವು ಬಂದ್ಮೇಲೆ. ನಂಗೇ ಅಲ್ಲಿ ಹಾಜರಿ ಪುಸ್ತಕದಾಗೆ ಹೆಸ್ರದೆ."

ಪೊಲೀಸ್ ಕಮಿಷನರ್ ಉಪ್ಪು ನೆಕ್ಕುತ್ತ ಹತ್ತಿರ ಬಂದಳು. ಅವಳ ಹೆಸರು ಸಾಜಿಯಾ. ಪ್ರಶ್ನೆ ಕೇಳುವುದು ಅವಳ ಚಾಳಿ.

"ಸಾರ್, ಚಿಕ್ಕವರಿದ್ದಾಗ ನಿಮಗೆ ಎಂತ ಆಗ್ಬೇಕಂತ ಇತ್ತು?"

ಸೋಮನಾಥ ಬಾಯಿ ತೆರೆದ. ಏನೂ ನೆನಪಾಗಲಿಲ್ಲ. ಏನೋ ಇತ್ತು, ಖಂಡಿತ ಇತ್ತು.

"ಆಮೇಲೆ ಹೇಳ್ತೀನಿ," ಎಂದ. ಕಮಲಕ್ಕನಿಗೂ ಅದೇ ಉತ್ತರ ಸಾಕಾದೀತೆಂದು ಆಚೆ ನೋಡಿದ. ಅವಳು ಮೇಜಿನ ಪಕ್ಕದ ನೆಲದ ಮೇಲೆ ಕಾಲು ಚಾಚಿ ಕೂತಳು. ಚೀಟಿ ಸಿಗದೆ ಏಳುವುದಿಲ್ಲ ಎಂದಳು.

ಮಧ್ಯಾಹ್ನವೆಲ್ಲ ಸಾಲು ಕರಗಲಿಲ್ಲ. ಮೂರೂ ಮುಕ್ಕಾಲಿಗೆ ವಿಜಯಾ ಮೇಡಂ, ಸೋಮನಾಥ ಫೋಟೋ ತೆಗೆದಿದ್ದ ಶಾಲೆಯ ಫೋನು ಹಿಡಿದು ಬಂದರು.

"ಇದೆಂತ ಫೋಟೋ ರೀ? ಡಾಕ್ಟ್ರ ಸುತ್ತ ಮಕ್ಕಳೇ ಇಲ್ಲ. ಬರೀ ಮುದುಕಿಯರು!"

"ಅವರನ್ನ ಕಳಿಸಿದ್ರೂ ಹೋಗೋದಿಲ್ಲ ಮೇಡಂ. ಡಾಕ್ಟ್ರು ಇನ್ನೂ ನೋಡಿ ಮುಗಿಸಿಲ್ಲ."

"ಯಾವ ಡಾಕ್ಟ್ರು?"

ಐತ ಕುರ್ಚಿಯಲ್ಲೇ ಕೈಮುಗಿದ, ಆದರೆ ಏಳಲಿಲ್ಲ. ಮೇಡಂ ಅವನನ್ನು ನೋಡಿದರು, ಗಡಿಯಾರ ನೋಡಿದರು. ಗಡಿಯಾರವೇ ಗೆದ್ದಿತು.

"ಆಯ್ತು. ಮಕ್ಕಳೆಲ್ಲ ಸುತ್ತ ನಿಂತ್ಕೊಳ್ಳಿ. ರೋಗಿ ಆಗೋಕೆ ಒಬ್ರು ಬೇಕು, ಸ್ವಲ್ಪ ಓದಿದವರ ಹಾಗೆ ಕಾಣ್ಬೇಕು. ಸೋಮನಾಥ್, ನೀವೇ ಕೂತ್ಕೊಳ್ಳಿ."

ಅವನು ಸ್ಟೂಲಿನ ಮೇಲೆ ಕೂತ.

"ಎಂತ ಆಗ್ತದೆ ಮೇಷ್ಟ್ರೇ?" ಐತ ಕೇಳಿದ. ಬೆಳಗಿನಿಂದ ಬಂದವರನ್ನೆಲ್ಲ ಕೇಳಿದ ದನಿಯಲ್ಲೇ ಕೇಳಿದ. ಹನ್ನೊಂದು ವರ್ಷದಲ್ಲಿ ಅವನನ್ನು ಹಾಗೆ ಯಾರೂ ಕೇಳಿರಲಿಲ್ಲ. ಸೋಮನಾಥ ಬಾಯಿಗೆ ಬಂದದ್ದು ಹೇಳಿದ.

"ಗಂಟಲು."

"ಬಾಯಿ ತೆಗೀರಿ. ದೊಡ್ಡದಾಗಿ."

ಐತ ತನ್ನ ಫೋನಿನ ಟಾರ್ಚು ಹಾಕಿದ. ಮೇಡಂ ಕ್ಲಿಕ್ಕಿಸಿದರು. ಆ್ಯಪ್ ಸುತ್ತತೊಡಗಿತು, ನಿಂತಿತು, ಮತ್ತೆ ಸುತ್ತಿತು.

"ನೆಟ್‌ವರ್ಕ್ ಇಲ್ಲ. ರಸ್ತೆಗೆ ಹೋಗಿ ನೋಡ್ತೀನಿ. ಹೋಗದಿದ್ರೆ ಇನ್ನೊಂದು ತೆಗೀಬೇಕು. ಯಾರೂ ಅಲುಗಾಡಬೇಡಿ. ಸೋಮನಾಥ್, ಹಾಗೇ ಇರಿ. ಬಾಯಿ ಮುಚ್ಚಬೇಡಿ."

ಅವರು ಫೋನನ್ನು ತಲೆಯ ಮೇಲೆತ್ತಿ ಗೇಟಿನಾಚೆ ಹೋದರು. ಐದು ನಿಮಿಷವಾಯಿತು. ಸೋಮನಾಥ ಬಾಯಿ ತೆರೆದೇ ಕೂತಿದ್ದ. ದವಡೆ ಸೆಳೆಯುತ್ತಿತ್ತು. ಮುಚ್ಚಬಹುದಿತ್ತು. ಯಾರೂ ಹಿಡಿದಿರಲಿಲ್ಲ.

"ಒಳಗೆ ಎಂತ ಕಾಣ್ತದೆ?" ಸಾಜಿಯಾ ಕೇಳಿದಳು.

"ಬಾ, ನೀನೇ ನೋಡು," ಎಂದ ಐತ. ಟಾರ್ಚು ಸರಿಯಾಗಿ ಹಿಡಿದ.

ಅವಳು ಟೋಪಿ ತೆಗೆದು ಬಗ್ಗಿ ನೋಡಿದಳು. ಪಕ್ಕಕ್ಕೆ ಸರಿದಳು. ಮತ್ತೊಬ್ಬ ಬಂದ. ನೂಕಬೇಡಿ ಎಂದು ಯಾರೋ ಗದರಿದರು, ಸಾಲಾಯಿತು. ರಟ್ಟಿನ ಟೋಪಿಗಳು, ಹಳದಿ ಹೆಲ್ಮೆಟ್ಟು, ಕರಿ ಗೌನು, ಅವುಗಳ ಹಿಂದೆ ಅಬ್ದುಲ್ ರಹಮಾನ್, ನೆಲದಿಂದ ನಿಧಾನಕ್ಕೆ ಎದ್ದ ಕಮಲಕ್ಕ. ಒಬ್ಬೊಬ್ಬರಾಗಿ ಹತ್ತಿರ ಬಂದರು, ಕಣ್ಣು ಕಿರಿದು ಮಾಡಿ ಅವನ ಬಾಯೊಳಗಿನ ಕತ್ತಲೆಯನ್ನು ನೋಡಿದರು, ಮುಂದಿನವರಿಗೆ ಜಾಗ ಬಿಟ್ಟರು. ಜೊಲ್ಲು ಗದ್ದಕ್ಕಿಳಿಯಿತು. ಸಾಲು ಮೆಟ್ಟಿಲು ಇಳಿದು ಗೇಟಿನವರೆಗೆ ಬೆಳೆದಿತ್ತು. ಆಗತಾನೇ ಬಂದ ಬಸ್ಸಿನಿಂದ ಇನ್ನಷ್ಟು ಜನ ಇಳಿಯುತ್ತಿದ್ದರು.