ಅಜ್ಜಿಯ ಒಂದೇ ಸೌಟು

ಮಗು ತಟ್ಟೆಯನ್ನು ಮುಂದೆ ತಳ್ಳಿ "ಬೇಡ" ಅಂದರೆ ನಾವು ಏನನ್ನುತ್ತೇವೆ? ಹಟ. ಊಟಕ್ಕೆ ಬಂದವರು ಕೈ ಅಡ್ಡ ಹಿಡಿದು "ಸಾಕು" ಅಂದರೆ? ಸಂಕೋಚ. ಹಟವಿದ್ದರೆ ಗದರಿಸಿ ತಿನ್ನಿಸುತ್ತೇವೆ, ಸಂಕೋಚವಿದ್ದರೆ ಆಣೆ ಹಾಕಿ ತಿನ್ನಿಸುತ್ತೇವೆ. ಎರಡನ್ನೂ ಮಾಡದ ಮನೆ ಇದ್ದರೆ ತೋರಿಸಿ. ಒಬ್ಬ ಬಸ್ ಡ್ರೈವರ್‌ನ ಮನೆಯಲ್ಲಂತೂ ಎರಡೂ ಒಂದೇ ದಿನ ನಡೆದವು.

ಡ್ರೈವರ್‌ನ ತಾಯಿ ಗಿರಣಿಯ ಕ್ಯಾಂಟೀನಿನಲ್ಲಿ ಅಡುಗೆ ಮಾಡಿ ನಿವೃತ್ತರಾದವರು. ಬೀಳ್ಕೊಡುವ ದಿನ ಏನು ಉಡುಗೊರೆ ಬೇಕು ಎಂದು ಕೇಳಿದಾಗ, ತಾವು ಹಿಡಿದು ಹಿಡಿದು ಸವೆಸಿದ ಉದ್ದ ಹಿಡಿಯ ಸೌಟನ್ನೇ ಕೇಳಿ ತಂದಿದ್ದರು. ಅದು ಒಲೆಯ ಪಕ್ಕದ ಮೊಳೆಯಲ್ಲಿ ತೂಗುತ್ತಿತ್ತು. ಯಾರು ಬಂದರೂ ಅಜ್ಜಿ ಮೊದಲು ತೋರಿಸುತ್ತಿದ್ದುದು ಅದನ್ನೇ.

"ಎಲ್ಲಾ ಪಾತ್ರೆಗೂ ನನ್ನದು ಒಂದೇ ಸೌಟು. ಈ ಪಾತ್ರೆಯ ರುಚಿ ಆ ಪಾತ್ರೆಗೆ ಒಂಚೂರು ತಾಗಬೇಕು, ಆಗಲೇ ಊಟಕ್ಕೆ ಕಳೆ," ಅನ್ನುತ್ತಿದ್ದರು. "ನನ್ನ ಕೈಯೂಟ ತಿಂದು ಇವತ್ತಿನವರೆಗೂ ಯಾರಿಗೂ ಹೊಟ್ಟೆನೋವು ಅಂತ ಬಂದಿಲ್ಲ."

ಸೊಸೆಯದು ಬೀದಿ ಕೊನೆಯಲ್ಲಿ ಹೊಲಿಗೆ ಅಂಗಡಿ. ಹಗಲೆಲ್ಲ ಮೊಮ್ಮಗಳನ್ನು ನೋಡಿಕೊಳ್ಳುವುದು ಅಜ್ಜಿಯೇ. ಆರು ವರ್ಷದ ಆ ಹುಡುಗಿ ಕಂಡದ್ದಕ್ಕೆಲ್ಲ "ಯಾಕೆ" ಎಂದು ಕೇಳಿ ಕೇಳಿ, ಅಜ್ಜಿ ಅವಳಿಗೆ ಯಾಕಮ್ಮ ಎಂದೇ ಹೆಸರಿಟ್ಟಿದ್ದರು. ಈಗ ಇಡೀ ಬೀದಿಗೆ ಅವಳು ಯಾಕಮ್ಮ.

ಹಿಂದಿನ ವರ್ಷ ಯಾಕಮ್ಮ ಕಡಲೆಕಾಯಿ ಬೀಜ ಹಾಕಿದ ಬಿಸ್ಕತ್ತು ತಿಂದು, ತುಟಿ ಊದಿ, ಮೈತುಂಬ ದದ್ದು ಎದ್ದು ಆಸ್ಪತ್ರೆಗೆ ಹೋಗಿ ಬಂದಿದ್ದಳು. ಡಾಕ್ಟರು ಪರೀಕ್ಷೆ ಮಾಡಿ, ಅವಳಿಗೆ ಕಡಲೆಕಾಯಿ ಅಲರ್ಜಿ ಇದೆ, ಒಂದು ಚೂರೂ ಕೊಡಬೇಡಿ ಎಂದಿದ್ದರು. ಉಸಿರು ಕಟ್ಟುವ ಹಾಗಾದರೆ ತಕ್ಷಣ ತೊಡೆಗೆ ಒತ್ತಲು ಸೂಜಿಮದ್ದಿನ ಪೆನ್ನನ್ನೂ ಕೊಟ್ಟಿದ್ದರು. ಪಕ್ಕದ ಮನೆಯ ನರ್ಸಕ್ಕ ಅದನ್ನು ಬಳಸುವುದು ಹೇಗೆಂದು ಸೊಸೆಗೆ ಮತ್ತೆ ಮತ್ತೆ ಹೇಳಿಕೊಟ್ಟಿದ್ದಳು.

ಅಜ್ಜಿಗೆ ಮಾತ್ರ ನಂಬಿಕೆ ಇರಲಿಲ್ಲ. "ನಮ್ಮ ಕಾಲದಲ್ಲಿ ಇವೆಲ್ಲ ಎಲ್ಲಿದ್ದವು? ದಿನಾ ಒಂದೊಂದು ಕಾಳು ತಿನ್ನಿಸಿದ್ರೆ ತಾನಾಗೇ ಅಭ್ಯಾಸ ಆಗುತ್ತೆ," ಅನ್ನುತ್ತಿದ್ದರು.

"ಅಮ್ಮಾ, ದಯವಿಟ್ಟು ಆ ಕೆಲಸ ಮಾತ್ರ ಮಾಡ್ಬೇಡಿ," ಎಂದಿದ್ದಳು ನರ್ಸಕ್ಕ. "ಅಂಥ ಚಿಕಿತ್ಸೆ ಏನಿದ್ರೂ ಡಾಕ್ಟರ್ ಕಣ್ಣೆದುರಿಗೇ ಆಗ್ಬೇಕು. ಮನೇಲಿ ನಾವು ಪರೀಕ್ಷೆ ಮಾಡೋ ಹಾಗಿಲ್ಲ."

ಅಜ್ಜಿ ಹಿಡಿದ ಮೊಲಕ್ಕೆ ಯಾವಾಗಲೂ ಮೂರೇ ಕಾಲು. ಆದರೂ ಮೊಮ್ಮಗಳ ಮೇಲೆ ಪ್ರಾಣ. ಬಾಯಲ್ಲಿ ಏನೇ ಅಂದರೂ ಅವಳಿಗೆ ಒಂದು ಕಾಳನ್ನೂ ಕೊಟ್ಟಿರಲಿಲ್ಲ.

ಅದರ ಮರುವರ್ಷ ಡ್ರೈವರ್‌ಗೆ ಅಪಘಾತವಿಲ್ಲದ ಸೇವೆಗಾಗಿ ಹಿತ್ತಾಳೆಯ ಬಿಲ್ಲೆ ಸಿಕ್ಕಿತು. ಡಿಪೋದವರಿಗೆಲ್ಲ ಮನೆಯಲ್ಲಿ ಊಟ. ಅಜ್ಜಿ ಬೆಳಗಿನಿಂದಲೇ ಒಲೆ ಮುಂದೆ ನಿಂತರು. ದೊಡ್ಡ ಪಾತ್ರೆಯಲ್ಲಿ ಕಡಲೆಕಾಯಿ ಹುರಿದು ಅರೆದು ಹಾಕಿದ ಸಾರು. ಪಕ್ಕದ ಚಿಕ್ಕ ಪಾತ್ರೆಯಲ್ಲಿ, ಯಾಕಮ್ಮನಿಗೆಂದೇ, ಬರೀ ತರಕಾರಿ ಸಾರು. ಸೊಸೆ ಬಂದು ಎರಡನ್ನೂ ನೋಡಿ ನೆಮ್ಮದಿಯಿಂದ ಹೊರಗೆ ಹೋದಳು.

ಒತ್ತಾಯ ಮಾಡುವುದರಲ್ಲಿ ಅಜ್ಜಿಯದು ಎತ್ತಿದ ಕೈ. ದಪ್ಪ ಮೀಸೆಯ ಟಿಕೆಟ್ ಇನ್ಸ್‌ಪೆಕ್ಟರು ಅಜ್ಜಿಯೇ ಮಾಡಿದ ಕೇಕು ಬೇಡ ಎಂದು ತಲೆಯಾಡಿಸಿದರೆ, "ನಮ್ಮನೇಲಿ ಸಂಕೋಚ ನಡೆಯಲ್ಲ ಸಾರ್," ಎಂದು ಒಂದಲ್ಲ, ಎರಡು ತುಂಡು ಹಾಕಿದರು. ಬಸ್ಸು ಹತ್ತಿದರೆ ಎಂಥೆಂಥವರನ್ನೋ ನಡುಗಿಸುವ ಇನ್ಸ್‌ಪೆಕ್ಟರು ಅಜ್ಜಿಯ ಮುಂದೆ ತಲೆ ತಗ್ಗಿಸಿ ತಿಂದರು.

ಅಷ್ಟರಲ್ಲಿ, ತನ್ನ ಪಾತ್ರೆಯ ಸಾರಿನಲ್ಲಿ ಉಣ್ಣುತ್ತಿದ್ದ ಯಾಕಮ್ಮ ಅಂದಳು, "ಅಜ್ಜಿ, ನಂಗೆ ಸಾಕು. ಬಾಯೆಲ್ಲಾ ಚುಚ್ಚುತ್ತೆ."

"ಖಾರ ಜಾಸ್ತಿ ಆಯ್ತೇನೋ. ನಿಂದೇ ಬೇರೆ ಪಾತ್ರೆ ಕಣೇ. ತಿನ್ನು, ಎಲ್ಲರೆದುರು ಹಟ ಮಾಡ್ಬಾರ್ದು."

"ಯಾಕೆ ಗಂಟಲು ಬಿಗಿಯುತ್ತೆ ಅಜ್ಜಿ?"

ಆ ಮಾತು ಸೊಸೆಯ ಕಿವಿಗೆ ಬಿತ್ತು. ತಿರುಗಿ ನೋಡಿದರೆ ಮಗಳ ತುಟಿ ಆಗಲೇ ಊದಿತ್ತು, ಕತ್ತಿನ ಮೇಲೆ ಕೆಂಪು ದದ್ದು. ಮಗು ಕೆಮ್ಮತೊಡಗಿತು, ಉಸಿರು ಸಿಳ್ಳೆಯ ಹಾಗೆ ಕೇಳಿಸಿತು. ಯಾರೋ ನೀರು ಕುಡಿಸಿ ಅಂದರು, ಯಾರೋ ವಾಂತಿ ಮಾಡಿಸಿ ಅಂದರು. ಸೊಸೆ ಯಾರ ಮಾತನ್ನೂ ಕೇಳಲಿಲ್ಲ. ಕಪಾಟಿನಿಂದ ಪೆನ್ನು ತೆಗೆದು ಮಗಳ ತೊಡೆಯ ಹೊರಬದಿಗೆ ಬಟ್ಟೆಯ ಮೇಲೆಯೇ ಒತ್ತಿ ಹಿಡಿದಳು. "ಆಂಬುಲೆನ್ಸ್‌ಗೆ ಫೋನ್ ಮಾಡಿ. ಅಲರ್ಜಿ, ಉಸಿರು ಕಟ್ತಿದೆ ಅಂತ ಹೇಳಿ," ಎಂದು ಗಂಡನಿಗೆ ಹೇಳಿದಳು. ಮಗಳನ್ನು ಓಡಾಡಲು ಬಿಡದೆ ತನ್ನ ಎದೆಗೆ ಒರಗಿಸಿಕೊಂಡು ಕುಳಿತಳು.

ಆಂಬುಲೆನ್ಸ್ ಬರುವ ಹೊತ್ತಿಗೆ ಉಸಿರು ಸ್ವಲ್ಪ ಸಡಿಲವಾಗಿತ್ತು. ಆದರೂ ಆಸ್ಪತ್ರೆಗೆ ಹೋದರು, ಯಾಕೆಂದರೆ ಇಳಿದ ಅಲರ್ಜಿ ಮತ್ತೆ ಏರಬಹುದು. ಡಾಕ್ಟರು ಮಗುವನ್ನು ನೋಡಿ ತಾಯಿಯತ್ತ ತಿರುಗಿ, "ಸರಿಯಾದ ಹೊತ್ತಿಗೆ ಕೊಟ್ಟಿದ್ದೀರಿ, ಅದಕ್ಕೇ ಮಗು ಚೆನ್ನಾಗಿದೆ," ಎಂದರು. ಡ್ರೈವರ್ ತನ್ನ ಹೆಂಡತಿಯನ್ನು ಮೊದಲ ಸಲ ನೋಡುವವನಂತೆ ನೋಡಿದ. ಬಿಲ್ಲೆ ಇವಳಿಗೆ ಸಿಗಬೇಕಿತ್ತು ಎಂದು ಅವನಿಗೆ ಅನ್ನಿಸಿರಬೇಕು.

ಮರುದಿನ ಯಾಕಮ್ಮ ನಗುತ್ತಾ ಮನೆಗೆ ಬಂದಳು. ಅಜ್ಜಿ ಮಾತ್ರ ಒಲೆ ಹಚ್ಚಿರಲಿಲ್ಲ. "ಬೇರೆ ಪಾತ್ರೇಲೇ ಮಾಡಿದ್ದೆ. ಕಡಲೆಕಾಯಿ ಅದರ ಹತ್ತಿರಾನೂ ಸುಳಿದಿಲ್ಲ," ಎಂದು ಅದನ್ನೇ ಹೇಳುತ್ತಿದ್ದರು. ಯಾರೂ ಅವರನ್ನು ಬೈದಿರಲಿಲ್ಲ. ಅದೇ ಅವರಿಗೆ ಹೆಚ್ಚು ನೋವು.

ನರ್ಸಕ್ಕ ಅಡುಗೆಮನೆಗೆ ಬಂದಳು. "ಅಮ್ಮಾ, ನಿನ್ನೆ ಹೇಗೆ ಮಾಡಿದ್ರೋ ಹಾಗೇ ಒಂದು ಸಲ ಮಾಡಿ ತೋರಿಸಿ. ಖಾಲಿ ಪಾತ್ರೇಲಿ ಸಾಕು."

ಅಜ್ಜಿ ಎರಡು ಪಾತ್ರೆ ಇಟ್ಟರು, ಮೊಳೆಯಿಂದ ಸೌಟು ತೆಗೆದರು. ದೊಡ್ಡದನ್ನು ಕದಡಿದರು, ಅಂಚಿಗೆ ಸೌಟನ್ನು ಟಕಟಕ ಬಡಿದರು, ಪಕ್ಕದ ಬಟ್ಟೆಗೆ ಒರೆಸಿದರು. ಕೈ ತನ್ನಷ್ಟಕ್ಕೆ ತಾನೇ ಚಿಕ್ಕ ಪಾತ್ರೆಯ ಕಡೆಗೆ ಹೋಯಿತು. ಅರ್ಧದಲ್ಲೇ ನಿಂತಿತು.

ಅಜ್ಜಿ ಸೌಟನ್ನು ನೋಡಿದರು. ಅದರ ಅಂಚನ್ನು ಬೆರಳಿನಿಂದ ಸವರಿದರು.

"ಇಷ್ಟು ತಾಗಿದ್ದಕ್ಕೇನಾ?" ಎಂದರು.

"ಕೆಲವರಿಗೆ ಇಷ್ಟೇ ಸಾಕಮ್ಮ."

"ಕುದಿಯೋ ಸಾರಿಗೆ ಹಾಕಿದ್ದು ನಾನು. ಬಿಸಿಗೆ ಎಲ್ಲಾ ಸಾಯಲ್ವಾ?"

"ಸಾಯೋಕೆ ಅದು ಕ್ರಿಮಿ ಅಲ್ಲ, ಕಡಲೆಕಾಯಿ. ಕುದಿಸಿದ್ರೂ ಹೋಗಲ್ಲ, ಒರೆಸಿದ್ರೂ ಹೋಗಲ್ಲ. ಸೋಪು ಹಾಕಿ ಚೆನ್ನಾಗಿ ತೊಳೀಬೇಕು. ಅವಳದ್ದೇ ಒಂದು ಸೌಟು, ಒಂದು ತಟ್ಟೆ ಬೇರೆ ಇಟ್ಟರೆ ಇನ್ನೂ ಒಳ್ಳೇದು."

ಅಜ್ಜಿ ಸೌಟನ್ನು ಕೆಳಗಿಟ್ಟರು. "ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು. ಇನ್ನು ನಾನು ಆ ಮಗೂಗೆ ಅಡುಗೆ ಮಾಡಲ್ಲಪ್ಪ. ನನ್ನ ಕೈ ಮೇಲೆ ನನಗೇ ನಂಬಿಕೆ ಹೋಯ್ತು."

ಬಾಗಿಲಲ್ಲಿ ನಿಂತಿದ್ದ ಡ್ರೈವರ್ ಒಳಗೆ ಬಂದ. "ಅಮ್ಮ, ನಾನು ಬಸ್ಸು ತೆಗೆಯೋ ಮುಂಚೆ ದಿನಾ ಬ್ರೇಕ್ ತುಳಿದು ನೋಡ್ತೀನಿ. ನಿನ್ನೆ ಹಿಡಿದಿತ್ತು ಅಂತ ಇವತ್ತು ಬಿಡಲ್ಲ. ನನ್ನ ಕಾಲಿನ ಮೇಲೆ ನಂಬಿಕೆ ಇಲ್ಲ ಅಂತಾನಾ? ಹಿಂದೆ ಜನ ಕೂತಿರ್ತಾರೆ, ಅದಕ್ಕೆ. ಬಿಲ್ಲೆ ಸಿಕ್ಕಿದ್ದು ಓಡಿಸಿದ್ದಕ್ಕಲ್ಲ, ನೋಡಿಕೊಂಡಿದ್ದಕ್ಕೆ."

ಯಾಕಮ್ಮ ಅಜ್ಜಿಯ ಮಡಿಲಿಗೆ ಹತ್ತಿ ಕುಳಿತಳು. "ಯಾಕಜ್ಜಿ ಅಡುಗೆ ಮಾಡಲ್ಲ? ನಂಗೆ ಹಸಿವಾಗುತ್ತೆ."

ಅಜ್ಜಿ ಅವಳನ್ನು ಮಡಿಲಿನಿಂದ ಇಳಿಸಿದರು. ಎದ್ದು ಕೈ ತೊಳೆದುಕೊಂಡು ಒಲೆ ಹಚ್ಚಿದರು.

ಅರ್ಧಕ್ಕೆ ನಿಂತ ಊಟವನ್ನು ಪೂರ್ತಿ ಮಾಡಿಸಲೇಬೇಕೆಂದು ಅಜ್ಜಿಯೇ ಹಟ ಹಿಡಿದರು. ಒಂದು ಭಾನುವಾರ ಡಿಪೋದವರು ಮತ್ತೆ ಬಂದರು. ಈ ಸಲ ಮನೆಯಲ್ಲಿ ಕಡಲೆಕಾಯಿಯ ಸುಳಿವೇ ಇಲ್ಲ. ಅಂಗಡಿಯಿಂದ ತಂದ ಪ್ರತಿ ಪೊಟ್ಟಣದ ಮೇಲಿನ ಸಣ್ಣ ಅಕ್ಷರವನ್ನೂ ಅಜ್ಜಿ ಸೊಸೆಯಿಂದ ಓದಿಸಿ ಕೇಳಿದ್ದರು. ಒಲೆಯ ಪಕ್ಕದ ಹೊಸ ಮೊಳೆಯಲ್ಲಿ, ಹಿಡಿಗೆ ಕೆಂಪು ದಾರ ಸುತ್ತಿದ ಪುಟ್ಟ ಸೌಟು ತೂಗುತ್ತಿತ್ತು. ಬಂದವರಿಗೆ ಅಜ್ಜಿ ಮೊದಲು ತೋರಿಸಿದ್ದು ಅದನ್ನು. "ಇದು ಯಾಕಮ್ಮಂದು. ಇದನ್ನ ಬೇರೆ ಯಾರೂ ಮುಟ್ಟೋ ಹಾಗಿಲ್ಲ, ನನ್ನ ಮಗನೂ ಅಷ್ಟೇ," ಎಂದರು ಎದೆಯುಬ್ಬಿಸಿ.

ಅಷ್ಟೇ ಅಲ್ಲ, ಹಿಂದಿನ ದಿನವೇ ಅಜ್ಜಿ ಒಬ್ಬೊಬ್ಬರಿಗೂ ಮಗನಿಂದ ಫೋನ್ ಮಾಡಿಸಿ ತಾವೇ ಮಾತಾಡಿದ್ದರು. "ನಿಮಗೆ ತಿಂದರೆ ಆಗದೇ ಇರೋದು ಏನಾದ್ರೂ ಇದೆಯಾ?" ಎಲ್ಲರೂ ಇಲ್ಲ ಇಲ್ಲ ಅಂದಿದ್ದರು. ಮೀಸೆಯ ಇನ್ಸ್‌ಪೆಕ್ಟರು ಮಾತ್ರ ದನಿ ತಗ್ಗಿಸಿ, "ಮೊಟ್ಟೆ ಅಮ್ಮ," ಅಂದಿದ್ದರು. "ಚಿಕ್ಕಂದಿನಿಂದ ಆಗಲ್ಲ. ಮೈಯೆಲ್ಲ ತುರಿಕೆ."

"ಅಯ್ಯೋ, ಮತ್ತೆ ಅವತ್ತು ನನ್ನ ಕೇಕು?"

"ರಾತ್ರಿಯೆಲ್ಲಾ ತುರಿಸಿಕೊಂಡೆ. ಬೇಡ ಅಂದ್ರೆ ನೀವು ಬೇಜಾರು ಮಾಡ್ಕೋತೀರಿ ಅಂತ ತಿಂದೆ. ಎಲ್ಲರ ಮನೇಲೂ ಹೀಗೇ. ಇಷ್ಟು ವರ್ಷದಲ್ಲಿ ಮೊದಲೇ ಕೇಳಿದ್ದು ನೀವೊಬ್ಬರೇ ನೋಡಿ."

ಆ ದಿನದ ಕೇಕಿಗೆ ಅಜ್ಜಿ ಮೊಟ್ಟೆ ಹಾಕಲಿಲ್ಲ. ಇನ್ಸ್‌ಪೆಕ್ಟರು ಕೇಳಿ ಹಾಕಿಸಿಕೊಂಡು ಮೂರು ತುಂಡು ತಿಂದರು. ಊಟದ ನಡುವೆ ಹೊಸ ಕಂಡಕ್ಟರೊಬ್ಬ ಜೇಬಿನಿಂದ ಒಂದು ಮಿಠಾಯಿ ತೆಗೆದು ಪ್ರೀತಿಯಿಂದ ಯಾಕಮ್ಮನ ಬಾಯಿಯ ಹತ್ತಿರ ಹಿಡಿದ. ಅವಳು ಎರಡೂ ಕೈ ಹಿಂದೆ ಕಟ್ಟಿಕೊಂಡು ಕೇಳಿದಳು, "ಇದರಲ್ಲಿ ಏನೇನಿದೆ ಮಾಮ? ನಂಗೆ ಕಡಲೆಕಾಯಿ ಆಗಲ್ಲ."

ಕಂಡಕ್ಟರ್ ಪೆಚ್ಚಾದ. "ಗೊತ್ತಿಲ್ಲಮ್ಮ."

"ಹಾಗಾದ್ರೆ ಬೇಡ, ಥ್ಯಾಂಕ್ಸ್."

"ಜೋರಿದ್ದಾಳೆ ಹುಡುಗಿ," ಎಂದರು ಯಾರೋ.

"ಜೋರೇ," ಎಂದರು ಅಜ್ಜಿ. "ನಮ್ಮ ಮನೆ ಹುಡುಗಿ ಕೇಳಿಯೇ ತಿನ್ನೋದು." ಆ ಮಾತು ಹೇಳುವಾಗ ಅವರ ಮುಖದಲ್ಲಿದ್ದ ಹೆಮ್ಮೆ ಗಿರಣಿಯ ಸೌಟು ತಂದ ದಿನವೂ ಇರಲಿಲ್ಲ. ಡ್ರೈವರ್ ಎದ್ದು ಹೋಗಿ ತನ್ನ ಹಿತ್ತಾಳೆ ಬಿಲ್ಲೆ ತಂದ. ಮೊದಲು ಹೆಂಡತಿಯ ಕಡೆಗೆ ಚಾಚಿದ. ಅವಳು ನಕ್ಕು, ಅದನ್ನು ತೆಗೆದುಕೊಂಡು ಅತ್ತೆಯ ಹೆಗಲ ಮೇಲಿನ ಸೆರಗಿಗೆ ಚುಚ್ಚಿದಳು. ಇಡೀ ಡಿಪೋ ಚಪ್ಪಾಳೆ ತಟ್ಟಿತು. ಅಜ್ಜಿ ಆ ದಿನ ಪಾತ್ರೆ ತೊಳೆಯುವಾಗಲೂ ಅದನ್ನು ತೆಗೆಯಲಿಲ್ಲ.

ಓದಿದ ಅಕ್ಕ, ತಂಗಿ, ಅಣ್ಣಂದಿರೇ, ಬಿಲ್ಲೆ ಸಿಗಲಿ ಬಿಡಲಿ, ಈ ಕೆಲಸ ನಿಮ್ಮ ಕೈಯಲ್ಲೂ ಇದೆ. ಮಗು ಬಾಯಿ ಚುಚ್ಚುತ್ತದೆ, ಗಂಟಲು ಬಿಗಿಯುತ್ತದೆ ಅಂದರೆ ಹಟ ಅನ್ನಬೇಡಿ, ತಟ್ಟೆ ತೆಗೆದು ಮಗುವನ್ನು ನೋಡಿ. ಉಸಿರಿಗೆ ಕಷ್ಟವಾದರೆ, ಮಗು ಸೋತು ಬಿದ್ದರೆ, ಡಾಕ್ಟರು ಕೊಟ್ಟ ಸೂಜಿಮದ್ದು ಇದ್ದಲ್ಲಿ ತಡಮಾಡದೆ ಕೊಟ್ಟು ಆಂಬುಲೆನ್ಸ್ ಕರೆಸಿ. ಮದ್ದು ಇಲ್ಲದಿದ್ದರೆ ಒಂದು ನಿಮಿಷವೂ ಕಾಯದೆ ಆಸ್ಪತ್ರೆಗೆ ಹೊರಡಿ. ಮಗುವನ್ನು ಬೇರೆಯವರ ಬಳಿ ಬಿಟ್ಟು ಹೋಗುವಾಗ ಯಾವುದು ಆಗುವುದಿಲ್ಲ, ಮದ್ದು ಎಲ್ಲಿದೆ, ಎರಡನ್ನೂ ಬಾಯಿಬಿಟ್ಟು ಹೇಳಿ. ಪಾತ್ರೆ ಬೇರೆ ಮಾಡಿದರೆ ಸೌಟನ್ನೂ ಬೇರೆ ಮಾಡಿ. ಮನೆಗೆ ಬಂದವರು ಬೇಡ ಅಂದರೆ ಆಣೆ ಹಾಕಬೇಡಿ. ಅವರು ಸಂಕೋಚಕ್ಕೆ ಅನ್ನುತ್ತಿರಲಿಕ್ಕಿಲ್ಲ.

ಮುಂದಿನ ಸಲ ನಿಮ್ಮ ಮನೆಗೆ ಯಾರಾದರೂ ಊಟಕ್ಕೆ ಬರುವುದಿದ್ದರೆ, ಒಲೆ ಹಚ್ಚುವ ಮೊದಲು, ತಿಂದರೆ ಆಗದ್ದು ಏನಾದರೂ ಇದೆಯಾ ಎಂಬ ಆ ಒಂದು ಮಾತು ಕೇಳಿ. ಮೀಸೆ ಹೊತ್ತ ಎಷ್ಟೋ ಮಂದಿ ಯಾರಾದರೂ ಕೇಳಲಿ ಎಂದು ಇನ್ನೂ ಕಾಯುತ್ತಿದ್ದಾರೆ.